ಪೆಟ್ಟಿಗೆಯ ತಳದಲ್ಲಿರುವ ಹಳೆಯ ಮೊಹರು ಏನು ಹೇಳುತ್ತದೆ?

ಹಿರಿಯರ ಕಾಲದ ಮರದ ಪೆಟ್ಟಿಗೆಯನ್ನು ಶುಚಿಗೊಳಿಸುವಾಗ ಹೆಬ್ಬೆರಳ ಗಾತ್ರದ ಹಿತ್ತಾಳೆಯ ತುಂಡೊಂದು ನಿಮ್ಮ ಕೈಗೆ ಸಿಗಬಹುದು. ಒಂದು ತುದಿಯಲ್ಲಿ ಹಿಡಿ, ಇನ್ನೊಂದು ತುದಿಯಲ್ಲಿ ಓದಲು ಬಾರದ ಗೀರುಗಳು. ಇಲ್ಲವೇ ಕೆಂಪು ಕಲ್ಲಿನ ಮೇಲೆ ಅಕ್ಷರ ಕೊರೆದ ಹಳೆಯ ಬೆಳ್ಳಿ ಉಂಗುರ. ಇಂತಹ ವಸ್ತುಗಳನ್ನು ಹುಣಸೆಹಣ್ಣು ಹಚ್ಚಿ ಉಜ್ಜುವವರಿದ್ದಾರೆ, ತೂಕಕ್ಕೆ ಹಾಕಿ ಗುಜರಿಗೆ ಕೊಡುವವರೂ ಇದ್ದಾರೆ. ಆದರೆ ಅದು ನಿಮ್ಮ ಕುಟುಂಬದ ಒಬ್ಬ ವ್ಯಕ್ತಿಯ ಸಹಿ ಆಗಿರಬಹುದು. ಅದನ್ನು ಕಳೆದುಕೊಂಡರೆ ಆ ಹೆಸರು ಇನ್ನೆಲ್ಲೂ ಸಿಗಲಾರದು.

ಉಂಗುರದಿಂದ ಅರಮನೆಯವರೆಗೆ

ಮೊಹರು ಎಂಬ ಪದ ಪಾರ್ಸಿಯ ‘ಮುಹ್ರ್’ನಿಂದ ಕನ್ನಡಕ್ಕೆ ಬಂದಿದೆ. ಈ ಪದ್ಧತಿ ಮುಸ್ಲಿಮರಿಗೆ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ)ರು ಹೊರನಾಡುಗಳ ದೊರೆಗಳಿಗೆ ಪತ್ರ ಬರೆಸಲು ಬಯಸಿದಾಗ, ಮುದ್ರೆಯಿಲ್ಲದ ಪತ್ರವನ್ನು ಅವರು ಓದುವುದಿಲ್ಲವೆಂದು ತಿಳಿಸಲಾಯಿತು. ಆಗ ಬೆಳ್ಳಿಯ ಉಂಗುರವೊಂದನ್ನು ಮಾಡಿಸಲಾಯಿತು. ಅದರಲ್ಲಿ ‘ಮುಹಮ್ಮದ್’, ‘ರಸೂಲ್’, ‘ಅಲ್ಲಾಹ್’ ಎಂಬ ಮೂರು ಪದಗಳು ಮೂರು ಸಾಲುಗಳಲ್ಲಿದ್ದವು. ಅಬೂಬಕರ್(ರ), ಉಮರ್(ರ) ಹಾಗೂ ಉಸ್ಮಾನ್(ರ)ರ ಕೈಗೆ ಅದು ಕ್ರಮವಾಗಿ ಬಂತು. ಕೊನೆಗೆ ಉಸ್ಮಾನ್(ರ)ರ ಕಾಲದಲ್ಲಿ ಅರೀಸ್ ಬಾವಿಗೆ ಬಿದ್ದು ಕಣ್ಮರೆಯಾಯಿತು ಎಂದು ಹದೀಸ್ ಗ್ರಂಥಗಳು ತಿಳಿಸುತ್ತವೆ.

ಭಾರತದ ಮೊಗಲ್ ಅರಮನೆಯಲ್ಲಿ ಮೊಹರು ಪುರುಷರ ಸೊತ್ತು ಮಾತ್ರ ಆಗಿರಲಿಲ್ಲ. ಹಮೀದಾ ಬಾನು ಬೇಗಂ, ಮರಿಯಮುಝ್ಝಮಾನಿ ಮತ್ತು ನೂರ್‌ಜಹಾನ್ ತಮ್ಮದೇ ಮೊಹರಿನೊಂದಿಗೆ ಹೊರಡಿಸಿದ ಆಜ್ಞಾಪತ್ರಗಳು ಇಂದಿಗೂ ಉಳಿದಿವೆ. ಶಹಜಹಾನ್ ತನ್ನ ರಾಜಮುದ್ರೆಯನ್ನು ಮುಮ್ತಾಝ್ ಮಹಲ್‌ರ ವಶಕ್ಕೆ ಒಪ್ಪಿಸಿದ್ದನು. 1631ರಲ್ಲಿ ಅವರು ತೀರಿಕೊಂಡ ಬಳಿಕ ಆ ಹೊಣೆ ಮಗಳು ಜಹಾನ್‌ಆರಾಳ ಪಾಲಿಗೆ ಬಂತು.

ಶಾಯಿಗೋ, ಅರಗಿಗೋ?

ಹಳೆಯ ಮೊಹರು ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮುಸ್ಲಿಮ್ ನಾಡುಗಳಲ್ಲಿ ಹೆಚ್ಚಾಗಿ ಮೊಹರಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತುತ್ತಿದ್ದರು. ಅಕ್ಷರಗಳನ್ನು ತಗ್ಗಾಗಿ ಕೊರೆಯುತ್ತಿದ್ದುದರಿಂದ ಹಿನ್ನೆಲೆ ಕಪ್ಪಾಗಿ, ಅಕ್ಷರಗಳು ಬಿಳಿಯಾಗಿ ಮೂಡುತ್ತಿದ್ದವು. ಯುರೋಪಿನವರು ಕಾಗದವನ್ನು ಮಡಚಿ ಅದರ ಅಂಚಿಗೆ ಬಿಸಿ ಅರಗು ಸುರಿದು ಮೊಹರು ಒತ್ತುತ್ತಿದ್ದರು. ಮೊದಲು ಜೇನುಮೇಣ ಬಳಸುತ್ತಿದ್ದ ಅವರು 16ನೇ ಶತಮಾನದಿಂದ ಭಾರತದಂತಹ ನಾಡುಗಳ ಅರಗಿನ ಕಡೆಗೆ ಹೊರಳಿದರು.

ವ್ಯತ್ಯಾಸ ತಿಳಿಯುವುದು ಹೇಗೆ? ಕೊರೆತ ಮೇಲುಮೇಲಾಗಿದ್ದು, ಮುಖ ಸಪಾಟಾಗಿದ್ದರೆ ಅದು ಶಾಯಿಯ ಮೊಹರು ಆಗಿರುವ ಸಾಧ್ಯತೆ ಹೆಚ್ಚು. ಕೊರೆತ ಆಳವಾಗಿದ್ದು, ಹೂ, ಪ್ರಾಣಿ, ಕಿರೀಟದಂತಹ ಚಿತ್ರಗಳು ಉಬ್ಬುತಗ್ಗಾಗಿದ್ದರೆ ಅದು ಅರಗಿನದ್ದು. ಗೀರುಗಳ ಒಳಗೆ ಕೆಂಪು ಅರಗಿನ ಚೂರು ಅಥವಾ ಕಪ್ಪು ಶಾಯಿಯ ಕಲೆ ಉಳಿದಿದ್ದರೆ ಉತ್ತರ ಅಲ್ಲೇ ಇದೆ. ಉಜ್ಜಿ ತೊಳೆಯಬಾರದು ಎನ್ನುವುದು ಇದಕ್ಕಾಗಿಯೇ.

ಓದುವ ಬಗೆ

ಮೊಹರಿನಲ್ಲಿ ಅಕ್ಷರಗಳು ತಿರುಗುಮುರುಗಾಗಿರುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆದು ಎಡಬಲ ತಿರುಗಿಸಿ ನೋಡಿರಿ. ಕನ್ನಡಿಯ ಮುಂದೆ ಹಿಡಿದರೂ ಸಾಕು. ಲೋಹದ್ದಾದರೆ ಮಕ್ಕಳು ಆಡುವ ಮೆತ್ತನೆಯ ಬಣ್ಣದ ಜೇಡಿಯ ಮೇಲೆ ಹಗುರವಾಗಿ ಒತ್ತಬಹುದು. ಬಿಸಿ ಅರಗನ್ನು ಪ್ರಯೋಗಿಸಬೇಡಿರಿ, ಕಲ್ಲು ಸೀಳೀತು.

ಈಗ ಅಕ್ಷರಗಳತ್ತ ಬರೋಣ. ‘ಅಬ್ದುಹು’, ಅಂದರೆ ‘ಅವನ ದಾಸ’ ಎಂಬ ಪದದ ಜೊತೆ ಹೆಸರಿದ್ದರೆ ಅದು ಖಾಸಗಿ ಮೊಹರು. ‘ಖಾದಿಮೆ ಶರ್‍ಅ’ ಎಂದಿದ್ದರೆ ಅದು ಖಾಝಿಯವರದ್ದು. ‘ಫಿದ್ವಿ’ ಎಂಬ ಪದದೊಂದಿಗೆ ಅರಸನ ಹೆಸರಿದ್ದರೆ ಆಸ್ಥಾನದ ಅಧಿಕಾರಿಯದ್ದು. ‘ಬೀಬಿ’, ‘ಬೇಗಂ’, ‘ಬಿಂತ್’ ಎಂಬ ಪದ ಕಂಡರೆ ಒಮ್ಮೆ ನಿಂತು ನೋಡಿರಿ, ಅದು ಮಹಿಳೆಯ ಮೊಹರು. ಓದುಬರಹ ಬಾರದವರೂ ಪರದೆಯ ಹಿಂದಿದ್ದವರೂ ಪತ್ರಗಳಿಗೆ ಮೊಹರಿನ ಮೂಲಕವೇ ಒಪ್ಪಿಗೆ ಕೊಡುತ್ತಿದ್ದರು. ಆಕೆಯ ಹೆಸರಿನಲ್ಲಿ ಆಸ್ತಿಯೋ ವ್ಯವಹಾರವೋ ಇದ್ದಿರಬಹುದು ಎಂಬುದರ ಸುಳಿವು ಅದು. ಮನೆಯ ಹಳೆಯ ಕಾಗದಗಳಲ್ಲಿ ಅದೇ ಗುರುತು ಇದೆಯೇ ಎಂದು ಹುಡುಕಿರಿ.

ಮೂಲೆಯಲ್ಲಿ ಅಂಕಿಗಳಿದ್ದರೆ ಅದು ಸಾಮಾನ್ಯವಾಗಿ ಹಿಜರಿ ವರ್ಷ. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತಶಕ ಹೆಚ್ಚು ಕಡಿಮೆ ಸಿಗುತ್ತದೆ. 1250 ಎಂದಿದ್ದರೆ ಅದು ಸುಮಾರು 1834. ಇದು ಮೊಹರು ಕೊರೆದ ವರ್ಷವೇ ಹೊರತು ಪತ್ರ ಬರೆದ ವರ್ಷವಲ್ಲ. ನಮ್ಮ ಮೈಸೂರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಟಿಪ್ಪು ಸುಲ್ತಾನರು ಮೌಲೂದಿ ಎಂಬ ಬೇರೆಯೇ ಶಕೆಯನ್ನು ಜಾರಿಗೆ ತಂದಿದ್ದರು. ಆ ಕಾಲದ ನಾಣ್ಯಗಳಲ್ಲಿ ಅದರ ಅಂಕಿಗಳು ಬಲದಿಂದ ಎಡಕ್ಕೆ ಇವೆ.

ಇಂಗ್ಲಿಷ್ ಅಕ್ಷರಗಳು ಹೆಣೆದುಕೊಂಡಿದ್ದರೆ ಅದು ವ್ಯಕ್ತಿಯ ಹೆಸರಿನ ಮೊದಲಕ್ಷರಗಳು. ಪೂರ್ಣ ಹೆಸರಿನೊಂದಿಗೆ ಊರಿನ ಹೆಸರೂ ಇದ್ದರೆ ವ್ಯಾಪಾರ ಸಂಸ್ಥೆಯದ್ದೋ ಕಚೇರಿಯದ್ದೋ ಆಗಿರುತ್ತದೆ. ಮೊಹರಿನಲ್ಲಿ ಪಾರ್ಸಿ ಲಿಪಿ ಇದ್ದ ಮಾತ್ರಕ್ಕೆ ಯಜಮಾನ ಮುಸ್ಲಿಮನೆಂದು ತೀರ್ಮಾನಿಸಬೇಡಿರಿ. ಹಿಂದೂ ಅಧಿಕಾರಿಗಳೂ ಈಸ್ಟ್ ಇಂಡಿಯಾ ಕಂಪೆನಿಯ ಇಂಗ್ಲಿಷರೂ ಪಾರ್ಸಿ ಮೊಹರು ಮಾಡಿಸಿಕೊಳ್ಳುತ್ತಿದ್ದರು. ಆಡಳಿತದ ಭಾಷೆ ಆಗ ಅದೇ ಆಗಿತ್ತು.

ಕಲ್ಲು ಮತ್ತು ಹಿಡಿ

ಕಿತ್ತಳೆಗೆಂಪಿನ ಅಕೀಕ್ ಕಲ್ಲು ಮೊಹರಿಗೆ ಬಹಳ ಇಷ್ಟದ್ದು. ಅದು ಗಟ್ಟಿ, ಬಿಸಿ ಅರಗು ಅದಕ್ಕೆ ಸುಲಭವಾಗಿ ಅಂಟುವುದಿಲ್ಲ. ಗುಜರಾತಿನ ಖಂಭಾತ್ ಈ ಕಲ್ಲಿನ ಕೆಲಸಕ್ಕೆ ಶತಮಾನಗಳಿಂದ ಹೆಸರಾಗಿದೆ. ಹಿಡಿ ಆನೆದಂತದ್ದಾಗಿದ್ದರೆ ಅದನ್ನು ಮಾರುವಂತಿಲ್ಲ. ವನ್ಯಜೀವಿ ಕಾನೂನು ಅದನ್ನು ನಿಷೇಧಿಸಿದೆ.

ಹಳೆಯದೆಂದು ಅಂಗಡಿಯಲ್ಲಿ ಕೊಳ್ಳುವವರು ಜಾಗ್ರತೆ ವಹಿಸಬೇಕು. ನಿಜವಾಗಿ ಬಳಸಿದ ಮೊಹರಿನ ಅಂಚು ಮತ್ತು ಹಿಡಿ ಸವೆದಿರುತ್ತವೆ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಮುಖದಲ್ಲಿ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ.

ಮುಂದೇನು ಮಾಡಬೇಕು?

ಮೃದುವಾದ ಒಣ ಬಟ್ಟೆಯಿಂದ ಧೂಳು ಒರೆಸಿರಿ, ಅಷ್ಟೇ ಸಾಕು. ಅಚ್ಚಿನ ಚಿತ್ರವನ್ನು ಪಾರ್ಸಿ ಬಲ್ಲ ಅಧ್ಯಾಪಕರಿಗೆ ಅಥವಾ ಮದ್ರಸದ ಉಸ್ತಾದರಿಗೆ ತೋರಿಸಿರಿ. ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯಲ್ಲೂ ವಿಚಾರಿಸಬಹುದು. ಮೊಹರು ನೂರು ವರ್ಷ ದಾಟಿದ್ದರೆ 1972ರ ಪ್ರಾಚ್ಯವಸ್ತು ಕಾನೂನು ಅದಕ್ಕೆ ಅನ್ವಯಿಸುತ್ತದೆ. ಗಲ್ಫ್‌ನಲ್ಲಿರುವ ಬಂಧುವಿಗೆ ಉಡುಗೊರೆಯಾಗಿ ಹೊರದೇಶಕ್ಕೆ ಕಳುಹಿಸುವಂತಿಲ್ಲ. ಪರವಾನಿಗೆ ಇಲ್ಲದವರು ಅದರ ವ್ಯಾಪಾರ ನಡೆಸುವಂತೆಯೂ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಮನೆಯ ಹಿರಿಯರನ್ನು ಕೇಳಿರಿ. ಅದು ಯಾರದ್ದು, ಯಾವ ಪೆಟ್ಟಿಗೆಯಲ್ಲಿತ್ತು, ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೊಹರಿನ ಜೊತೆಗೇ ಇಡಿರಿ. ಮೊಹರಿನ ಹೆಸರನ್ನು ಯಾವ ಪಂಡಿತರೂ ಓದಿ ಹೇಳಬಲ್ಲರು. ಆ ಹೆಸರಿನವರು ನಿಮಗೆ ಏನಾಗಬೇಕೆಂದು ಹೇಳಬಲ್ಲವರು ನಿಮ್ಮ ಮನೆಯಲ್ಲಿ ಮಾತ್ರ ಇದ್ದಾರೆ. ಅವರಿರುವಾಗಲೇ ಕೇಳಿ ಬರೆದಿಡಿರಿ.