ಗಂಧದ ತುಂಡು ಗಜಲಕ್ಷ್ಮಿಯಾಗುವ ಬಗೆ

ಮಲೆನಾಡಿನ ಸಾಗರ, ಸೊರಬಗಳ ಗುಡಿಗಾರರು ಕೆತ್ತಿದ ಗಂಧದ ಪೆಟ್ಟಿಗೆಯೊಂದನ್ನು ಕೈಗೆತ್ತಿಕೊಂಡು ನೋಡೋಣ. ಮುಚ್ಚಳದ ನಡುವೆ ಕಮಲದ ಮೇಲೆ ಕುಳಿತ ಲಕ್ಷ್ಮಿ. ಎರಡು ಪಕ್ಕಗಳಲ್ಲಿ ಸೊಂಡಿಲೆತ್ತಿ ನೀರೆರೆಯುವ ಆನೆಗಳು. ಸುತ್ತಲೂ ಬಳ್ಳಿ, ಎಲೆ, ಹೂ. ಬಳ್ಳಿಯ ಎಳೆ ಕೆಲವೆಡೆ ದಾರದಷ್ಟು ಸಣ್ಣದು; ಆದರೂ ಅದು ಸೀಳಿಲ್ಲ, ಮುರಿದಿಲ್ಲ. ಇಷ್ಟು ನವುರಾದ ಕೆಲಸಕ್ಕೆ ಈ ಮರವೇ ಏಕೆ ಒದಗಿತು? ಅದರ ಮೇಲೆ ಈ ಚಿತ್ರಗಳೇ ಏಕೆ ಮೂಡಿದುವು?

ಮೊದಲು ಮರದ ಮಾತು. ತೇಗದ ದಿಮ್ಮಿಯನ್ನು ಅಡ್ಡಲಾಗಿ ಕೊಯ್ದರೆ ಬೆಳವಣಿಗೆಯ ಉಂಗುರಗಳು ಸ್ಪಷ್ಟವಾಗಿ ತೋರುತ್ತವೆ. ಉಂಗುರದ ಒಂದಂಚಿನಲ್ಲಿ ದೊಡ್ಡ ರಂಧ್ರಗಳು, ಉಳಿದೆಡೆ ಸಣ್ಣವು. ಆದುದರಿಂದ ಉಳಿಗೆ ಒಂದು ಕಡೆ ಮೆದು, ಇನ್ನೊಂದು ಕಡೆ ಗಟ್ಟಿ. ಶ್ರೀಗಂಧದಲ್ಲಾದರೋ ರಂಧ್ರಗಳು ಬಹು ಸೂಕ್ಷ್ಮ. ಅವು ಎಲ್ಲೆಡೆಯೂ ಸಮನಾಗಿ ಹರಡಿರುತ್ತವೆ. ಉಳಿ ತಟಕ್ಕನೆ ಜಾರದು. ಕೆತ್ತಿದ ಅಂಚು ಚೂಪಾಗಿ ನಿಲ್ಲುತ್ತದೆ. ಹೊರಗಿನ ಬಿಳಿಯ ಭಾಗಕ್ಕೆ ಪರಿಮಳವಿಲ್ಲ. ಒಳಗಿನ ಚೇಗಿನಲ್ಲಿ ಮಾತ್ರ ಸ್ಯಾಂಟಲಾಲ್ ಎಂಬ ದ್ರವ್ಯವು ಪ್ರಧಾನವಾಗಿರುವ ತೈಲವುಂಟು. ಪರಿಮಳವನ್ನು ಕೊಡುವ ಈ ತೈಲವೇ ಗೆದ್ದಲನ್ನೂ ದೂರವಿಡುತ್ತದೆ.

ಆದರೆ ಕಡಿದ ತುಂಡನ್ನು ಕೂಡಲೇ ಕೆತ್ತುವಂತಿಲ್ಲ. ಒಣಗುವಾಗ ಮರವು ಕುಗ್ಗುತ್ತದೆ. ಉಂಗುರದ ಗುಂಟ ಆಗುವ ಕುಗ್ಗುವಿಕೆಯು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಈ ಅಸಮತೆಯೇ ಬಿರುಕಿಗೆ ಮೂಲ. ಅದಕ್ಕಾಗಿಯೇ ಮರವನ್ನು ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಅನಂತರ ಗರಗಸದಿಂದ ಅಳತೆಗೆ ಕೊಯ್ದು, ಚಿತ್ರವನ್ನು ಬರೆದು, ದೊಡ್ಡ ಉಳಿಯಿಂದ ಹಿನ್ನೆಲೆಯನ್ನು ತಗ್ಗಿಸುತ್ತಾರೆ. ಕಣ್ಣು, ಒಡವೆ, ಎಲೆಯ ನರಗಳು ಸಣ್ಣ ಉಳಿಯ ಪಾಲು. ಕೊನೆಗೆ ಉಜ್ಜಿ ನುಣುಪು ಮಾಡುವುದು.

ಇನ್ನು ಚಿತ್ರಗಳ ಅರ್ಥ. ನಮ್ಮ ಪೂರ್ವಿಕರ ಕಲ್ಪನೆಯಲ್ಲಿ ಆನೆ ಮಳೆಮೋಡದ ಪ್ರತೀಕ. ಲಕ್ಷ್ಮಿ ಬೆಳೆಯ, ಸಮೃದ್ಧಿಯ ದೇವತೆ. ಆನೆ ನೀರೆರೆಯುವುದೆಂದರೆ ಮಳೆ ಬಂದು ನೆಲ ತಣಿಯುವುದು. ಒಕ್ಕಲುತನವನ್ನೇ ನಂಬಿದ ನಾಡಿಗೆ ಇದಕ್ಕಿಂತ ದೊಡ್ಡ ಹಾರೈಕೆ ಯಾವುದಿದ್ದೀತು? ಕೆಸರಿನಲ್ಲಿ ಹುಟ್ಟಿಯೂ ಕೆಸರಂಟದ ಕಮಲ ಪರಿಶುದ್ಧಿಯ ಗುರುತು. ಅದರ ಎಲೆಯ ಮೇಲಿನ ಮೇಣ ಲೇಪಿತ ಸೂಕ್ಷ್ಮ ಗುಬುಟುಗಳಿಂದಾಗಿ ನೀರು ಹನಿಯಾಗಿ ಉರುಳಿ, ಧೂಳನ್ನೂ ಕೊಂಡೊಯ್ಯುತ್ತದೆಂದು ವಿಜ್ಞಾನ ತೋರಿಸಿಕೊಟ್ಟಿದೆ. ಕವಿ ಕಂಡದ್ದನ್ನೇ ಸೂಕ್ಷ್ಮದರ್ಶಕವೂ ಕಂಡಿತು! ತುದಿಯಿಲ್ಲದೆ ಹಬ್ಬುವ ಬಳ್ಳಿ ಕುಲದ ಮುಂದುವರಿಕೆಯನ್ನು ಸೂಚಿಸುತ್ತದೆ. ಮದುವೆಗೆ ಬೆಂಡಿನ ಬಾಸಿಂಗವನ್ನು ಕಟ್ಟಿಕೊಡುವವರೂ ಇದೇ ಗುಡಿಗಾರರು. ಶುಭವನ್ನು ರೂಪಿಸುವುದೇ ಅವರ ಕಸುಬು.

ಈ ಕಸುಬಿನ ಆಯುಷ್ಯವಾದರೋ ಮರದ ಆಯುಷ್ಯಕ್ಕೆ ಕಟ್ಟುಬಿದ್ದಿದೆ. ಗಂಧದ ಮರ ಅರೆಪರೋಪಜೀವಿ. ತನ್ನ ಎಲೆಯಲ್ಲಿ ಆಹಾರವನ್ನು ತಯಾರಿಸಿಕೊಂಡರೂ, ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹೂಡಿ ನೀರನ್ನೂ ಲವಣಗಳನ್ನೂ ಪಡೆಯುತ್ತದೆ. ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಎಲೆಗಳನ್ನು ಮುಳ್ಳಿನಂತೆ ಕಿರಿದಾಗಿಸಿ ಮರವನ್ನು ಕೊಲ್ಲುವ ಸ್ಪೈಕ್ ರೋಗ, ಕಳ್ಳರ ಕೊಡಲಿ, ಇವೆರಡೂ ಕಾಡನ್ನು ಬರಿದು ಮಾಡಿವೆ. ಶ್ರೀಗಂಧವಿಂದು ಅಪಾಯದಂಚಿನ ಸಸ್ಯಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ಬಹುಕಾಲ ಖಾಸಗಿ ನೆಲದ ಗಂಧವೂ ಸರಕಾರದ ಸೊತ್ತಾಗಿತ್ತು. ಹಾಗಾಗಿ ರೈತನಿಗೆ ಅದನ್ನು ಬೆಳೆಸುವ ಉತ್ಸಾಹವಿರಲಿಲ್ಲ. 2001ರಲ್ಲಿ ಕರ್ನಾಟಕದ ಕಾನೂನು ಬದಲಾಗಿ ಒಡೆತನ ಭೂಮಾಲೀಕನಿಗೆ ದೊರೆಯಿತು.

ಗಂಧ ಸಿಗದಾಗ ಕುಶಲಿಗಳು ಶಿವನಿಯಂತಹ ಮರಗಳನ್ನೂ ಕೆತ್ತುತ್ತಾರೆ. ರೂಪ ಬರುತ್ತದೆ, ಪರಿಮಳ ಬರುವುದಿಲ್ಲ. ಇಂದು ನೆಟ್ಟ ಸಸಿಯಲ್ಲಿ ಒಳ್ಳೆಯ ಚೇಗು ಕೂಡಲು ದಶಕಗಳೇ ಬೇಕು. ಆ ವೇಳೆಗೆ ಉಳಿ ಹಿಡಿಯುವ ಕೈಗಳೂ ಉಳಿದಿರಬೇಕಾದರೆ, ಮರ ನೆಡುವುದೂ ಮಕ್ಕಳಿಗೆ ಕೆತ್ತನೆ ಕಲಿಸುವುದೂ ಒಟ್ಟಿಗೇ ನಡೆಯಬೇಕು.