ಅಲೈನ್‌ಮೆಂಟ್‌ಗೆ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ



ಮಿಷಿಗನ್, ಇಲಿನಾಯ್ ಕಡೆ ಇರುವ ನಮಗೆಲ್ಲ ಹಿಮ ಕರಗಿದ ಕೂಡಲೇ ಕಾಣುವುದು ರಸ್ತೆಯ ಗುಂಡಿಗಳು. ಯುಗಾದಿ ಕಾರ್ಯಕ್ರಮಕ್ಕೆ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವ ಹಳೆಯ ಎಸ್‌ಯುವಿಗಳು ಏಟು ತಿನ್ನುವುದು ಇಲ್ಲೇ. ಕಳೆದ ಮಾರ್ಚ್‌ನಲ್ಲಿ ನಮ್ಮ ಗಾಡಿ ಬಲಕ್ಕೆ ಎಳೆಯತೊಡಗಿತು. ಅಲೈನ್‌ಮೆಂಟ್ ಮಾಡಿಸಿದೆವು. ಮೂರು ವಾರದಲ್ಲಿ ಮತ್ತೆ ಅದೇ ಕಥೆ! ಜ್ಯಾಕ್ ಹಾಕಿ ನೋಡಿದರೆ ಬಲಗಡೆಯ ಕೆಳಗಿನ ಬಾಲ್ ಜಾಯಿಂಟ್ ಸವೆದು ಸಡಿಲವಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿಸಿದ್ದೆವು. ಆ ಜಾಯಿಂಟ್ ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಹೈವೇಯಲ್ಲಿ ಹಾಗಾಗಿದ್ದರೆ? ಆಗ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೂರು ಕೋನಗಳು

ಕ್ಯಾಂಬರ್ ಎಂದರೆ ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿರುವುದು. ಟೋ ಎಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದು, ನಮ್ಮ ಪಾದಗಳ ಹಾಗೆ. ಕ್ಯಾಸ್ಟರ್ ಸೈಕಲ್ಲಿನ ಮುಂದಿನ ಫೋರ್ಕ್‌ನ ಓರೆಯಂಥದ್ದು. ತಿರುವಿನ ನಂತರ ಸ್ಟಿಯರಿಂಗ್ ತಾನೇ ನೇರವಾಗುವುದು ಬಹುಮಟ್ಟಿಗೆ ಇದರಿಂದ.

1996ರಿಂದ 2002ರವರೆಗಿನ ಟೊಯೋಟಾ ಫೋರ್‌ರನ್ನರ್‌ನಂಥ ಗಾಡಿಗಳಲ್ಲಿ ಕ್ಯಾಂಬರ್ ಮತ್ತು ಕ್ಯಾಸ್ಟರ್‌ಗಳನ್ನು ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟ್ ತಿರುಗಿಸಿ ಹೊಂದಿಸುತ್ತಾರೆ. ಟೋವನ್ನು ಟೈ ರಾಡ್‌ನಿಂದ. ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುವುದರಿಂದ ಅಲ್ಲಿ ಹೊಂದಿಸಲು ಏನೂ ಇಲ್ಲ. ಕ್ಯಾಂಬರ್, ಕ್ಯಾಸ್ಟರ್ ಬದಲಾದರೆ ಟೋ ಕೂಡ ಬದಲಾಗುತ್ತದೆ. ಆದ್ದರಿಂದ ಟೋ ಯಾವಾಗಲೂ ಕೊನೆಗೆ.

ಟೈರ್ ಏನು ಹೇಳುತ್ತದೆ?

- ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ ಅಥವಾ ಟೋ ಕಡೆ ಅನುಮಾನ.
- ಅಂಗೈ ಸವರಿದಾಗ ಗರಗಸದ ಹಲ್ಲಿನಂತೆ ಸಿಕ್ಕಿದರೆ ಟೋ.
- ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಹೆಚ್ಚಾಗಿ ಶಾಕ್ ಅಬ್ಸಾರ್ಬರ್ ಸೋತಿದೆ.

ಮನೆಯಲ್ಲೇ ಪರೀಕ್ಷೆ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ತಡೆ ಕೊಟ್ಟು, ಗಾಡಿಯನ್ನು ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬೇಡಿ. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟವಿದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ನೋಡಬೇಕು. 3 ಮತ್ತು 9ರಲ್ಲಿ ಮಾತ್ರ ಅಲ್ಲಾಡಿದರೆ ಟೈ ರಾಡ್ ತುದಿ. ರಬ್ಬರ್ ಬುಶ್ ಬಿರುಕು ಬಿಟ್ಟಿದೆಯೇ, ಸ್ಪ್ರಿಂಗ್ ಕುಸಿದು ಗಾಡಿ ಒಂದು ಕಡೆ ಕೂತಿದೆಯೇ ಎಂದೂ ನೋಡಿ. ಜ್ಯಾಕ್ ಎಲ್ಲಿ ಕೊಡಬೇಕು, ಎಷ್ಟು ಆಟ ಸರಿ ಎಂಬುದು ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ.

ಬಿಚ್ಚುವ ಮುನ್ನ

ರಸ್ತೆಗೆ ಸುರಿಯುವ ಉಪ್ಪಿನಿಂದ ಕ್ಯಾಮ್ ಬೋಲ್ಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬಿಚ್ಚುವ ಮೊದಲು ಹಳೆಯ ಜಾಗಕ್ಕೆ ಬಣ್ಣದ ಗುರುತು ಹಾಕಿ. ಟೈ ರಾಡ್ ತುದಿ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ. ಹೊಸದನ್ನು ಅಷ್ಟೇ ಸುತ್ತು ಹಾಕಿದರೆ ಅಂಗಡಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು.

ಇನ್ನೊಂದು ಮುಖ್ಯ ಮಾತು: ಬುಶ್ ಇರುವ ಬೋಲ್ಟ್‌ಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬೇಡಿ. ಗಾಡಿಯ ಭಾರ ಚಕ್ರದ ಮೇಲೆ ಬಂದ ನಂತರ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಇಲ್ಲವಾದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಇಷ್ಟಾದ ಮೇಲೆ ಅಲೈನ್‌ಮೆಂಟ್. ಮಾಡುವ ಮೊದಲಿನ ಮತ್ತು ನಂತರದ ಅಳತೆಗಳ ಪ್ರಿಂಟ್ ಕೇಳಿ ಪಡೆಯಿರಿ. ಪ್ರೋಗ್ರಾಮಿನಲ್ಲಿ ಬಗ್ ಹಾಗೇ ಬಿಟ್ಟು ಔಟ್‌ಪುಟ್ ಮಾತ್ರ ತಿದ್ದಿದರೆ ಏನಾಗುತ್ತದೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. ಸವೆದ ಜಾಯಿಂಟ್ ಮೇಲಿನ ಅಲೈನ್‌ಮೆಂಟ್ ಕೂಡ ಅಷ್ಟೇ.

ಬಾಲ್ ಜಾಯಿಂಟ್ ಬದಲಿಸುವ ಧೈರ್ಯ ಇಲ್ಲದಿದ್ದರೆ ಮೆಕ್ಯಾನಿಕ್ ಕೈಗೆ ಕೊಡಿ, ತಪ್ಪಿಲ್ಲ. ಆದರೆ ಅಲ್ಲಾಡಿಸಿ ನೋಡುವ ಆ ಹತ್ತು ನಿಮಿಷವನ್ನು ಮುಂದಿನ ದೂರ ಪ್ರಯಾಣಕ್ಕೆ ಮೊದಲು ದಯವಿಟ್ಟು ತಪ್ಪಿಸಬೇಡಿ. ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುವವರು ನಮ್ಮ ಮಕ್ಕಳೇ ಅಲ್ಲವೇ?