ಕೈಗೆ ಕೆಲಸ ಮರಳಿಸುವವರು

ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಅವರ ಬೀಗಿತ್ತಿಯೊಬ್ಬರು ಅಮೆರಿಕದವರು. ಹುಟ್ಟುಹೆಸರು ಎಲಿಜಬೆತ್ ಲಂಡಿ, ಕ್ವೇಕರ್ ಮನೆತನ. ವಿಷ್ಣು ನಿಂಬ್ಕರ್ ಅವರ ಕೈಹಿಡಿದು ಭಾರತಕ್ಕೆ ಬಂದು ಕಮಲಾ ಆದರು. ಸಂಸಾರ ಹೂಡಿ ಎಷ್ಟೋ ವರ್ಷಗಳ ಮೇಲೆ ಮತ್ತೆ ತವರಿಗೆ ಹೋಗಿ ಆಕ್ಯುಪೇಷನಲ್ ಥೆರಪಿ ಕಲಿತು ಬಂದರು. 1950ರಲ್ಲಿ ಮುಂಬೈ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಅವರು ತೆರೆದ ಈ ವಿದ್ಯೆಯ ತರಬೇತಿ ಶಾಲೆ ಏಷ್ಯಾದಲ್ಲೇ ಮೊದಲನೆಯದು.

ಕೆ.ಇ.ಎಂ. ನಗರಪಾಲಿಕೆಯ ಆಸ್ಪತ್ರೆ. ಆಗ ಅದರ ಸುತ್ತ ಬಟ್ಟೆ ಗಿರಣಿಗಳು, ಚಾಳ್‌ಗಳು. ದುಡಿಯುವ ಕೈ ನಿಂತರೆ ಒಲೆಯೂ ಆರುವ ಮನೆಗಳು. ಶಾಲೆಗೆ ಇದಕ್ಕಿಂತ ತಕ್ಕ ಜಾಗ ಯಾವುದಿತ್ತು? 1952ರಲ್ಲಿ ಆಕ್ಯುಪೇಷನಲ್ ಥೆರಪಿಸ್ಟರ ಅಖಿಲ ಭಾರತ ಸಂಘವೂ ಹುಟ್ಟಿತು. ಅದೇ ವರ್ಷ ಅವರ ವಿಶ್ವ ಒಕ್ಕೂಟ ಕಟ್ಟಿದವರಲ್ಲಿ ಭಾರತವೂ ಸೇರಿತ್ತು. ಆಮೇಲೆ ನಾಗಪುರದಲ್ಲೂ ಶಾಲೆ ಬಂತು.

ಫಿಸಿಯೋಥೆರಪಿಯಿಂದ ಕೈಗೆ ಕಸುವು ಬಂತೆನ್ನಿ, ಆ ಕೈ ತಟ್ಟೆಯ ಅನ್ನವನ್ನು ಬಾಯಿಗೆ ತರಬೇಕಲ್ಲ? ಅದನ್ನು ಆಗಿಸುವುದು ಆಕ್ಯುಪೇಷನಲ್ ಥೆರಪಿಸ್ಟರ ಕೆಲಸ. ಪಾರ್ಶ್ವವಾಯು ಬಡಿದವರು ಅಂಗಿ ತೊಡುವುದನ್ನೇ ನೋಡಿ. ಸೋತ ಕೈಗೆ ಮೊದಲು ತೋಳು ಏರಿಸಬೇಕು, ಬಿಚ್ಚುವಾಗ ಗಟ್ಟಿ ಕೈಯಿಂದ ಶುರು. ಹಿಡಿತವಿಲ್ಲದ ಬೆರಳುಗಳಿಗಾಗಿ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಡುತ್ತಾರೆ. ಬಚ್ಚಲಲ್ಲಿ ಹಿಡಿಕಂಬಿ ಎಲ್ಲಿರಬೇಕು, ಸೆರೆಬ್ರಲ್ ಪಾಲ್ಸಿಯ ಮಗು ಶಾಲೆಯಲ್ಲಿ ಹೇಗೆ ಕೂರಬೇಕು ಎಂಬುದೆಲ್ಲ ಈ ವಿದ್ಯೆಯೇ. ಪುಸ್ತಕ ಓದಿದರೆ ಬಾರದು. ವಿಶ್ವ ಒಕ್ಕೂಟದ ಕಟ್ಟಳೆಯಂತೆ ವಿದ್ಯಾರ್ಥಿಗಳು ಕನಿಷ್ಠ 1000 ಗಂಟೆ ಪ್ರತ್ಯಕ್ಷ ಕೆಲಸದಲ್ಲಿ ಪಳಗಬೇಕು.

ಪಳಗಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬುದೇ ತೊಡಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಹುದ್ದೆ ವಿರಳ. ಖಾಸಗಿ ಕ್ಲಿನಿಕ್‌ಗಳು ಕರೆಯುತ್ತವೆ, ಹೊರದೇಶಗಳು ಇನ್ನೂ ಜೋರಾಗಿ ಕರೆಯುತ್ತವೆ. ಹೋದವರನ್ನು ದೂರಿ ಏನು ಫಲ? 2021ರಲ್ಲಿ ಸಂಸತ್ತು ಸಹಾಯಕ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿ ಇವರನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದೇ. ಆದರೆ ನೋಂದಣಿಯಿಂದ ಹುದ್ದೆ ಹುಟ್ಟುವುದಿಲ್ಲ.

ಕಮಲಾ ನಿಂಬ್ಕರ್ 1979ರಲ್ಲಿ ತೀರಿಕೊಂಡರು. ಅವರು ಬಡವರ ಆಸ್ಪತ್ರೆಯಲ್ಲಿ ಶುರುಮಾಡಿದ ವಿದ್ಯೆ ಈಗ ಹೆಚ್ಚಾಗಿ ದುಡ್ಡು ಕೊಡಬಲ್ಲವರಿಗೆ ಸಿಗುತ್ತಿದೆ ಎಂಬುದು ನನ್ನ ಸಂಕಟ. ಜಿಲ್ಲಾಸ್ಪತ್ರೆಗೊಬ್ಬ ಕಾಯಂ ಥೆರಪಿಸ್ಟ್ ಬೇಕೆಂಬುದು ದುಬಾರಿ ಬೇಡಿಕೆಯೇನಲ್ಲ. ನಿಮ್ಮ ಶಾಸಕರನ್ನು ಕೇಳಿ. ಮನೆಯಲ್ಲಿ ಪಿಯುಸಿ ವಿಜ್ಞಾನ ಓದುತ್ತಿರುವ ಮಕ್ಕಳಿದ್ದರೆ, ಈ ಪದವಿ ಮಣಿಪಾಲದಲ್ಲೇ ಇದೆ ಎಂದು ಅವರಿಗೂ ಹೇಳಿ.